ಕರೆದವರು ಕೊಡುವ ಬಸ್ ಚಾರ್ಜು

ಚಹಾದ ಕಪ್ಪು ಕೈಗೆ ಬಂದ ಮೇಲೂ ಅವರು ಕುಡಿಯುತ್ತಿರಲಿಲ್ಲ. ಕಪ್ಪಿನ ಮೇಲಿಂದ ಕಣ್ಣು ಹಾಯಿಸಿ, ಅಂಗಡಿಯಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ನೋಡಿ, "ಇದರ ರೊಕ್ಕಾ ಯಾರು ಕೊಡಾವ್ರು?" ಎಂದು ಕೇಳುತ್ತಿದ್ದರು. ನಾನೇ ಕೊಡುವವನು ಅಂದರೆ ಸರಿ, ಕುಡಿಯುತ್ತಿದ್ದರು. ಯಾರೋ ಕಕ್ಷಿದಾರ ಹೇಳಿ ಕಳಿಸಿದ್ದಾನೆ ಅಂದರೆ ಮುಗಿಯಿತು. ಕಪ್ಪು ಹಾಗೇ ಕಟ್ಟೆಯ ಮೇಲೆ ಕೂರುತ್ತಿತ್ತು, ಚಹಾ ಆರಿ ಕೆನೆ ಕಟ್ಟುತ್ತಿತ್ತು, ಕೊನೆಗೆ ನಾನೇ ಅದನ್ನು ಗಟಾರಕ್ಕೆ ಚೆಲ್ಲಿ ಬರುತ್ತಿದ್ದೆ.

ಹುನಗುಂದದ ಕೋರ್ಟಿನಲ್ಲಿ ಅವರು ಬೇಲೀಫರಾಗಿದ್ದರು. ಸಮನ್ಸು ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ, ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೆ ಮುಟ್ಟಿಸುವ ಕೆಲಸ. ನನ್ನ ಝೆರಾಕ್ಸ್ ಅಂಗಡಿ ಕೋರ್ಟಿನ ಗೇಟಿನೆದುರಿಗೇ ಇದೆ. ಅವರ ಮನೆಯೂ ನಮ್ಮ ಓಣಿಯಲ್ಲೇ. ಹೀಗಾಗಿ ಹಗಲು ಅಂಗಡಿಯಲ್ಲಿ, ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ, ನನ್ನ ಅರ್ಧ ಆಯುಷ್ಯ ಅವರ ಸಂಶಯಗಳನ್ನು ಕೇಳುವುದರಲ್ಲೇ ಕಳೆಯಿತು. ಊರೆಲ್ಲ ಬೇಲೀಫ ಕಾಕಾ ಅನ್ನುತ್ತಿತ್ತು. ಹೆಸರು ನಾನು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾಗಿರುವ ಕಾಗದ ಕಂಡರೆ ಅವರು ಮಾರು ದೂರ ಸರಿಯುತ್ತಿದ್ದರು. ಮದುವೆಯ ಕಾರ್ಡು ಕೊಡಲು ಹೋದವರಿಗೂ "ಮುಟ್ಟಿತು ಅಂತ ಸಹಿ ಬೇಕೇನು?" ಎಂದು ಕೇಳಿದವರು ಅವರು.

ಈ ಬೇಸಿಗೆಯಲ್ಲಿ ಕಾಕಾ ಹೋದರು. ವಕೀಲರ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತು ಶ್ರದ್ಧಾಂಜಲಿ ಸಲ್ಲಿಸಿದರು. ಕೂತ ಮೇಲೆ ಒಬ್ಬರು ಅವರದೊಂದು ಕಥೆ ಹೇಳಿದರು, ಇನ್ನೊಬ್ಬರು ಮತ್ತೊಂದು ಹೇಳಿದರು, ಶೋಕಸಭೆ ಹೋಗಿ ನಗೆಸಭೆ ಆಯಿತು. ನಾನೂ ನಕ್ಕೆ. ಆದರೆ ಬೆಳಗಾವಿಯ ಸಂಗತಿ ಅಲ್ಲಿ ಯಾರೂ ಹೇಳಲಿಲ್ಲ. ಅದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿರುವುದು.

ಆ ಸಂಗತಿ ತಿಳಿಯಬೇಕಾದರೆ ಮೊದಲು ಭತ್ತೆ ಅಂದರೇನು ಅಂತ ಹೇಳಬೇಕು. ಆಸ್ತಿ ವ್ಯಾಜ್ಯದಲ್ಲಿ ಒಬ್ಬರನ್ನು ಸಾಕ್ಷಿಗೆ ಕರೆಸುವುದಿದ್ದರೆ, ಕರೆಸುವವರು ಆ ಸಾಕ್ಷಿ ಬಂದು ಹೋಗುವ ಖರ್ಚನ್ನು ಕೋರ್ಟಿನಲ್ಲಿ ಮೊದಲೇ ಕಟ್ಟಬೇಕು. ಅದೇ ಭತ್ತೆ. ಬೇಲೀಫ ಸಮನ್ಸಿನ ಜೊತೆಗೆ ಅದನ್ನೂ ಸಾಕ್ಷಿಯ ಕೈಗೆ ಕೊಡಬೇಕು. ಕೆಲಸದ ಈ ಒಂದು ಪದ್ಧತಿಯ ಮೇಲೆ ಕಾಕಾ ಇಡೀ ಲೋಕವ್ಯವಹಾರವನ್ನು ಕಟ್ಟಿ ನಿಲ್ಲಿಸಿದ್ದರು.

"ಕರದವರು ಭತ್ತೆ ಕೊಡಲಿಲ್ಲಂದ್ರ ಅವರಿಗೆ ನಿನ್ನ ಗರಜಿಲ್ಲ ಅಂತ ತಿಳಕೊ ತಮ್ಮಾ. ಕೊಟ್ರು ಅಂದ್ರ, ಅವರಿಗೆ ನಿನ್ನ ಬಾಯಿ ಬೇಕಾಗೈತಿ ಅಂತ ತಿಳಕೊ."

"ಹಂಗಾದ್ರ ಮನಶ್ಯಾ ಎಲ್ಲಿಗೂ ಹೋಗಬಾರದೇನು ಕಾಕಾ?"

"ಹೋಗು. ಯಾರ ಖರ್ಚಿನಾಗ ಹೊಂಟೀನಿ ಅನ್ನೂದು ಗೊತ್ತಿಟಗೊಂಡು ಹೋಗು."

ಹೇಳಿದಂತೆ ನಡೆಯುವವರೂ ಹೌದು. ಇಳಕಲ್ಲಿನಲ್ಲಿ ಒಂದು ಮದುವೆ ಇತ್ತು. ಬೀಗರು ಹುನಗುಂದದ ಮಂದಿಗೆಲ್ಲ ಒಂದು ಟೆಂಪೋ ಕಳಿಸಿದ್ದರು. ಓಣಿಗೆ ಓಣಿಯೇ ಅದರಲ್ಲಿ ತುಂಬಿತು. ಕಾಕಾ ಮಾತ್ರ ಟೆಂಪೋದ ಸುತ್ತ ಒಂದು ಸುತ್ತು ಹಾಕಿ, ಟಾಯರು ನೋಡಿ, ಡ್ರೈವರನ ಮುಖ ನೋಡಿ, "ಇದು ಹೋಗಾಕ ಅಷ್ಟೋ, ಬರಾಕೂ ಐತೋ?" ಎಂದು ಕೇಳಿ, ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾವು ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನ ಊಟವಾದ ಮೇಲೆ ನೋಡಿದರೆ ಟೆಂಪೋ ಇನ್ನೊಂದು ಊರಿನ ಮಂದಿಯನ್ನು ಕರೆತರಲು ಹೋಗಿತ್ತು. ನಾವು ಹಂದರದ ಕೆಳಗೆ ಕಾಯುತ್ತ ಕೂತಾಗ ಕಾಕಾ ಎಲೆ ಅಡಿಕೆ ಜಗಿಯುತ್ತ ನಮ್ಮ ಮುಂದೆಯೇ ಹಾದು ಬಸ್ಸು ಹಿಡಿದರು. ಒಂದು ಮಾತು ಆಡಲಿಲ್ಲ. ಆಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆದರೆ ಅವರ ಸಂಶಯ ಯಾವಾಗಲೂ ಗೆಲ್ಲುತ್ತಿತ್ತು ಅಂತೇನಿಲ್ಲ. ಐಹೊಳೆಗೆ ಅವರು ಸಮನ್ಸು ಹಿಡಿದು ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಒಮ್ಮೆ ಅಲ್ಲಿಯ ಗೈಡ್ ಒಬ್ಬ, ಬಿಸಿಲಲ್ಲಿ ಬಂದ ಮುದುಕ ಅಂತ ಕರುಣೆಯಿಂದ, "ಬರ್ರಿ ಅಜ್ಜಾರ, ಗುಡಿ ತೋರಸ್ತೇನಿ, ರೊಕ್ಕಾ ಏನೂ ಬ್ಯಾಡ" ಅಂದನಂತೆ. ಬ್ಯಾಡ ಅಂದದ್ದೇ ತಪ್ಪಾಯಿತು. ಹೊರದೇಶದವರು ವಿಮಾನ ಹತ್ತಿ ಬಂದು ನೋಡುವ ಗುಡಿಯೊಳಗೆ ಕಾಕಾ ಸಾಯುವವರೆಗೂ ಕಾಲಿಡಲಿಲ್ಲ.

ಸಮನ್ಸು ಮುಟ್ಟಿಸುವಾಗ ಮಾತ್ರ ಅವರನ್ನು ನೋಡಬೇಕು. ಒಂದು ಹಳ್ಳಿಯಲ್ಲಿ ಹೆಂಡತಿ ಬಾಗಿಲಿಗೆ ಬಂದು, ಗಂಡ ಸೊಲ್ಲಾಪುರಕ್ಕೆ ಹೋಗಿದ್ದಾನೆ ಅಂದಳಂತೆ. ಹಗ್ಗದ ಮೇಲೆ ಹಸಿ ಧೋತರ ತೊಟ್ಟಿಕ್ಕುತ್ತಿದೆ. ಕಾಕಾ ಜಗಳ ಮಾಡಲಿಲ್ಲ. ನೀರು ಕೇಳಿ ಕುಡಿದು, ಒಳಗೆ ಕೇಳಿಸುವಂತೆ ದನಿ ಎತ್ತಿ, "ಇರಲಿ ಬಿಡವ್ವಾ. ಭತ್ತೆ ತಂದಿದ್ದೆ, ವಾಪಸ್ ಒಯ್ದು ಕಟ್ಟತೇನಿ" ಅಂದರು. ಸೊಲ್ಲಾಪುರಕ್ಕೆ ಹೋದ ಗಂಡ ಜೋಳದ ಕಣಜದ ಹಿಂದಿನಿಂದ ತಲೆಯ ಧೂಳು ಕೊಡವುತ್ತ ಎದ್ದು ಬಂದನು!

ನನ್ನ ಹೆಂಡತಿ ಈ ಲೋಕದಲ್ಲಿ ನಂಬಿದ್ದು ಕಾಕಾ ಒಬ್ಬರನ್ನೇ. ಅದಕ್ಕೆ ಕಾರಣವಿತ್ತು. ಅವಳ ತಮ್ಮ ಬಾದಾಮಿಯವನು, ಡಿಪ್ಲೊಮಾ ಓದಿದವನು. ಅವನಿಗೊಮ್ಮೆ ದೂರದ ಊರಿನ ಯಾವುದೋ ಕಂಪನಿಯಿಂದ ಇಂಟರ್‌ವ್ಯೂ ಬಂತು, ಜೊತೆಗೆ ರೈಲಿನ ಟಿಕೇಟೂ ಬಂತು. ಟಿಕೇಟು ಕಳಿಸಿದ್ದಾರೆ ಅಂದರೆ ದೊಡ್ಡ ಕಂಪನಿಯೇ ಅಂತ ಮನೆಯವರೆಲ್ಲ ಸ್ಟೇಷನ್ನಿಗೆ ಹೋಗಿ ಹೂವಿನ ಹಾರ ಹಾಕಿ ಕಳಿಸಿದರು. ಅಲ್ಲಿ ಅವನ ಅಂಕಪಟ್ಟಿಗಳನ್ನು ಇಸಿದುಕೊಂಡು, ಮನೆ ಮನೆಗೆ ತಿರುಗಿ ನೀರು ಶುದ್ಧಿ ಮಾಡುವ ಯಂತ್ರ ಮಾರಲು ಹಚ್ಚಿದರು. ಬಿಟ್ಟು ಬರುತ್ತೇನೆಂದರೆ ಟಿಕೇಟಿನ ಖರ್ಚು, ಊಟದ ಖರ್ಚು, ವಸತಿಯ ಖರ್ಚು ಕಟ್ಟಿ ಹೋಗು ಅಂದರು. ಹುಡುಗ ಅಂಕಪಟ್ಟಿ ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯ ಮೇಲೆ ಓಡಿ ಬಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಪುಕ್ಕಟೆ ಎಂಬ ಮಾತು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಹೀಗಿರುವಾಗ ನಮ್ಮ ಮಗಳು ಅಕ್ಷತಾಗೆ ಬೆಳಗಾವಿಯಿಂದ ಇಂಟರ್‌ವ್ಯೂ ಬಂತು. ಅವಳು ಓದಿದ್ದು ಕಣ್ಣು ಪರೀಕ್ಷೆ ಮಾಡುವ ಕೋರ್ಸು. ಕರೆದದ್ದು ಒಂದು ಖಾಸಗಿ ಕಣ್ಣಿನ ಆಸ್ಪತ್ರೆ. ಅವರು ಕಳಿಸಿದ ಇ-ಮೇಲನ್ನು ಅವಳು ನನ್ನ ಅಂಗಡಿಯಲ್ಲೇ ಪ್ರಿಂಟು ತೆಗೆದು, ಮನೆಯಲ್ಲಿ ಎಲ್ಲರೆದುರು ಓದಿದಳು. ಬಂದು ಹೋಗುವ ಪ್ರಯಾಣದ ವೆಚ್ಚವನ್ನು ಆಸ್ಪತ್ರೆಯೇ ಕೊಡುತ್ತದೆ ಎಂಬ ಸಾಲು ಬಂದ ಕೂಡಲೇ ನನ್ನ ಹೆಂಡತಿ ರೊಟ್ಟಿಯ ಹಿಟ್ಟಿನಿಂದ ಕೈ ತೆಗೆದಳು.

"ಹೆಣ್ಮಕ್ಕಳಿಗೆ ಸರಕಾರಿ ಬಸ್ ಪುಕ್ಕಟ ಐತಿ ಅಂತ ಸಣ್ಣ ಕೂಸಿಗೂ ಗೊತ್ತೈತಿ. ಬೆಳಗಾವ್ಯಾಗ ಇದ್ದವರಿಗೆ ಗೊತ್ತಿಲ್ಲೇನು? ಇಲ್ಲದ ಖರ್ಚು ಕೊಡ್ತೇವಿ ಅಂತಾರಂದ್ರ, ಅವರು ಕೊಡೂದು ಯಾವ ಖರ್ಚು?"

ಕಟ್ಟೆಯ ಮೇಲಿದ್ದ ಕಾಕಾ ಒಳ್ಳೆಯ ತಾನ ಕೇಳಿದ ಸಂಗೀತಗಾರರಂತೆ ತಲೆದೂಗಿದರು. "ಶಾಬಾಸ್ ತಂಗೀ! ಇದು ಪ್ರಶ್ನಾ ಅಂದ್ರ."

"ಅಜ್ಜಾ, ಗಂಡಹುಡುಗರೂ ಅರ್ಜಿ ಹಾಕಿರ್ತಾರ. ಒಂದ ಮೇಲ್ ಎಲ್ಲಾರಿಗೂ ಕಳಸಿರ್ತಾರ ಅಷ್ಟ" ಅಂದಳು ಅಕ್ಷತಾ.

"ಅದು ನಿನ್ನ ವಾದ ಮಗಾ. ಪುರಾವೆ ಎಲ್ಲೈತಿ?"

ಪುರಾವೆ ತರುವ ಕೆಲಸವನ್ನು ಅವರೇ ವಹಿಸಿಕೊಂಡರು. ಮರುದಿನ ಅಂಗಡಿಗೆ ಬಂದು, ಇ-ಮೇಲಿನಲ್ಲಿದ್ದ ನಂಬರಿಗೆ ನನ್ನ ಫೋನಿನಿಂದ ಹಚ್ಚಿಸಿ, ಸ್ಪೀಕರ್ ಹಾಕಿಸಿದರು. ಆ ಕಡೆ ಒಬ್ಬ ಹುಡುಗಿ ಮಾತಾಡಿದಳು.

"ನಮಸ್ಕಾರ್ರಿ. ಹುನಗುಂದದಿಂದ ಮಾತಾಡಾಕತ್ತೇನಿ. ಅಕ್ಷತಾ ಅನ್ನೂ ಹುಡುಗಿದು ಭತ್ತೆ ಇನ್ನಾ ಬಂದಿಲ್ಲಲ್ರಿ."

"ಏನು ಬಂದಿಲ್ಲರಿ?"

"ಭತ್ತೆ. ಬಸ್ ಚಾರ್ಜು. ಮೊದಲ ಕಟ್ಟಬೇಕಲ್ರಿ ಅದನ್ನ? ಕಟ್ಟಲಾರದ ಕರದ್ರ ಯಾರು ಬರ್ತಾರ?"

"ಬಂದ ಮ್ಯಾಲೆ ಟಿಕೇಟ್ ಕೊಟ್ರ ರೊಕ್ಕಾ ಕೊಡ್ತೀವ್ರಿ. ನೀವು ಯಾರು ಮಾತಾಡೂದು?"

"ನಾ ಯಾರಾದ್ರೇನು! ನೀವು ಯಾರ ಕಡೆಯವ್ರು ಅದನ್ನ ಹೇಳ್ರಿ. ಮಾಲಕ ಯಾರು? ಜಾಗಾ ಸ್ವಂತದ್ದೋ, ಬಾಡಗಿದೋ? ಹುಡುಗಿಗೆ ಬಸ್ ಪುಕ್ಕಟ ಐತಿ ಅಂತ ಗೊತ್ತಿದ್ದೂ ಚಾರ್ಜು ಯಾಕ ಕೊಡಾಕತ್ತೀರಿ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

"ನೋಡಿದಿ?" ಅಂದರು ಕಾಕಾ, ಕನ್ನಡಕ ತೆಗೆದು ಒರೆಸುತ್ತ. "ಖರೆ ಇದ್ದವರು ಫೋನ್ ಇಡತಾರೇನು?"

ಸಂಜೆಗೆ ಅಕ್ಷತಾಗೆ ಇನ್ನೊಂದು ಮೇಲ್ ಬಂತು. ನಿಮ್ಮ ಹೆಸರು ಹೇಳಿಕೊಂಡು ಯಾರೋ ಅಪರಿಚಿತರು ಫೋನ್ ಮಾಡಿ ಮುಂಗಡ ಹಣ ಕೇಳಿದ್ದಾರೆ, ಇದು ಮೋಸದ ಕರೆ ಎಂಬ ಅನುಮಾನ ನಮಗಿದೆ, ನಿಮ್ಮ ಸಂದರ್ಶನವನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಅಂತ. ನಾವು ಅವರನ್ನು ಕಳ್ಳರು ಅಂದುಕೊಳ್ಳುತ್ತ ಕೂತಿದ್ದರೆ, ಅವರು ನಮ್ಮನ್ನು ಕಳ್ಳರು ಅಂತ ಬರೆದೇ ಕಳಿಸಿದ್ದರು.

ಮಗಳು ಅಳಲಿಲ್ಲ. ಹೊಸ್ತಿಲ ಮೇಲೆ ಕೂತು ಅದನ್ನು ಎರಡು ಸಲ ಓದಿದಳು. ಆಮೇಲೆ ತಲೆ ಎತ್ತಿ, "ಅಜ್ಜಾ, ನಾ ಓದಿದ್ದೆಲ್ಲಾ ನಿಮ್ಮ ಭತ್ತೆಗೆ ಹೋತು ನೋಡ್ರಿ" ಅಂದಳು.

ಕಾಕಾನ ಕೈಯಲ್ಲಿದ್ದ ಚಹಾ ನಮ್ಮ ಮನೆಯದೇ, ನಮ್ಮದೇ ಖರ್ಚಿನದು. ಅದನ್ನೂ ಕುಡಿಯದೆ ಎದ್ದು ಹೋದರು.

ನನ್ನ ಹೆಂಡತಿಗೆ ಒಳಗೊಳಗೇ ಸಮಾಧಾನವಾಗಿತ್ತು. "ಹೋಗೂದು ತಪ್ಪಿತಲ್ಲ, ಛಲೋ ಆತು" ಅಂದಳು. ತಾಯಿ ಮಗಳ ನಡುವೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹೆಂಡತಿ ಒಂದು ಮಾತು ಹೇಳಿ ಕದ ಹಾಕಿದಂತೆ ಮುಗಿಸಿದಳು. "ಕಾಕಾ ಹೋಗಿ ಕಣ್ಣೀಲೆ ನೋಡಿ, ಜಾಗಾ ಛಲೋ ಐತಿ ಅಂದ್ರ ಕಳಸ್ತೇನಿ. ಇಲ್ಲಂದ್ರ ನೀ ಇಲ್ಲೇ ಇರು." ಕಾಕಾ ಯಾವುದನ್ನಾದರೂ ಛಲೋ ಅಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಅದು ಗೊತ್ತಿದ್ದೇ ಅವಳು ಹಾಗೆ ಹೇಳಿದ್ದು.

ನಾನು ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಕೈ ಮುಗಿದು ಮಾತಾಡಿದೆ. ಖುದ್ದಾಗಿ ಬಂದು ಹೇಳಿ, ಡಾಕ್ಟರು ಒಪ್ಪಿದರೆ ನೋಡೋಣ ಅಂದರು. ಅಷ್ಟು ಸಾಕಾಗಿತ್ತು. ಹೆಂಡತಿಯ ಷರತ್ತನ್ನು ಕಾಕಾಗೆ ಹೇಳಿ ಕಳಿಸಿದೆ, ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬೆಳಿಗ್ಗೆ ಮಗಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಳೆಯ ಸಮನ್ಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕಾಕಾ ಬೆಂಚಿನ ಮೇಲೆ ಕೂತಿದ್ದರು.

"ಫೋನ್ ಮಾಡಿದಂವಾ ನಾನು. ನೀವು ಹೋಗಿ ಏನು ಹೇಳ್ತೀರಿ?" ಅಂದರು.

ಇಳಕಲ್ಲಿನಿಂದ ಬರುವ ಬೆಳಗಾವಿ ಬಸ್ಸು ಬಂತು. ಗಂಡಸರದು ಎರಡು ಟಿಕೇಟು ಅಂತ ನಾನು ನೋಟು ತೆಗೆದರೆ, ಕಾಕಾ ನನ್ನ ಕೈ ಒತ್ತಿ, ಕಂಡಕ್ಟರನಿಗೆ "ನಂದು ಬ್ಯಾರೆ ಹರಿ" ಅಂದು ತಮ್ಮ ರೊಕ್ಕ ತಾವೇ ಕೊಟ್ಟರು. ಮಗಳ ನಿನ್ನೆಯ ಮಾತು ಇನ್ನೂ ನಾಟಿದೆ ಅಂದುಕೊಂಡೆ. ಅಕ್ಷತಾಳ ಕೈಗೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೇಟು ಕೊಟ್ಟ. ಕಾಕಾ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಸರಕಾರ ನಿನ್ನ ಎಲ್ಲಿಗೂ ಕರದಿಲ್ಲ, ಆದ್ರೂ ಭತ್ತೆ ಕೊಟ್ಟೈತಿ. ಯಾರ ಪರ ಸಾಕ್ಷಿ ಹೇಳಬೇಕಂತ ಆಮ್ಯಾಲ ತಿಳಸ್ತಾರ, ತಯಾರಿರು."

ಸಿಟ್ಟಿನಲ್ಲಿದ್ದ ಹುಡುಗಿಗೂ ನಗೆ ತಡೆಯಲಿಲ್ಲ. ಬಾಗಲಕೋಟೆ ದಾಟುವ ಹೊತ್ತಿಗೆ ಅವಳು ತನ್ನ ಚುರಮರಿಯ ಪೊಟ್ಟಣವನ್ನು ಅವರ ಮುಂದೆ ಹಿಡಿದಿದ್ದಳು. ಅವರು ಅದಕ್ಕೆ ರೊಕ್ಕ ಯಾರು ಕೊಟ್ಟದ್ದೆಂದು ಕೇಳದೆ ಒಂದು ಮುಷ್ಟಿ ತೆಗೆದುಕೊಂಡರು.

ಬೆಳಗಾವಿಯಲ್ಲಿ ಆಸ್ಪತ್ರೆಯ ಮುಂದೆ ಇಳಿದ ಮೇಲೆ ಅವರು ಒಳಗೆ ಬರಲಿಲ್ಲ. ಮೊದಲು ಎದುರಿನ ಔಷಧದ ಅಂಗಡಿಗೆ ಹೋದರು. ಆಮೇಲೆ ಆಟೋದವರ ಹತ್ತಿರ ನಿಂತರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೊರಗೆ ಬಂದ ಒಬ್ಬ ಮುದುಕಿಯನ್ನು ತಡೆದು, "ಯವ್ವಾ, ಹೆಂಗ ನೋಡತಾರಿಲ್ಲೆ? ಕಾಣಾಕತ್ತೈತಿ?" ಎಂದು ಕೇಳಿದರು.

"ಕಾಣದ ಏನು! ನಿನ್ನ ಮೀಸಿ ಒಂದು ಕಡೆ ಉದ್ದ ಐತಿ" ಅಂದಳು ಮುದುಕಿ.

ಕಾಕಾ ಮೀಸೆ ಮುಟ್ಟಿ ನೋಡಿಕೊಂಡರು. ಅಷ್ಟರಲ್ಲಿ ಇಬ್ಬರು ನರ್ಸ್ ಹುಡುಗಿಯರು ಡಬ್ಬಿ ಹಿಡಿದು ಬೇವಿನ ನೆರಳಿಗೆ ಊಟಕ್ಕೆ ಬಂದರು. ಕಾಕಾ ಅವರ ಹತ್ತಿರ ಕೂತು ಊರು ಯಾವುದು, ಎಲ್ಲಿ ಇಳಿದುಕೊಂಡಿದ್ದೀರಿ, ರಾತ್ರಿ ಪಾಳಿಗೆ ಯಾರು ಬಿಡಲು ಬರುತ್ತಾರೆ ಅಂತ ಒಂದೊಂದೇ ಕೇಳಿದರು. ಕಡೆಗೆ, "ನಿಮ್ಮ ಮಾರ್ಕ್ಸ್ ಕಾರ್ಡು ಯಾರ ಹತ್ರ ಅದಾವು ಮಗಾ?" ಅಂದರು.

"ನಮ್ಮ ಮನ್ಯಾಗ ಟ್ರಂಕಿನಾಗ ಅದಾವ್ರಿ. ಯಾಕ್ರಿ ಅಜ್ಜಾ?"

"ಸುಮ್ನ ಕೇಳಿದೆ" ಅಂದು ಎದ್ದು, ಆಗ ಗೇಟು ದಾಟಿದರು.

ಡಾಕ್ಟರು ವಯಸ್ಸಾದ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಹೋಗಿ ನಿಂತರು. ಕೋರ್ಟಿನಲ್ಲಿ ಸಾಹೇಬರ ಎದುರು ನಿಲ್ಲುವ ಹಾಗೆ ಕೈ ಕಟ್ಟಿಕೊಂಡಿದ್ದರು.

"ಫೋನ್ ಮಾಡಿದಂವಾ ನಾನರೀ ಬಾಯಾರ. ಹುಡುಗಿಗೆ ಅದರಾಗ ಸಂಬಂಧಿಲ್ಲ. ಆಕಿ ಹೇಳಿಲ್ಲ, ಆಕಿಗೆ ಗೊತ್ತೂ ಇದ್ದಿದ್ದಿಲ್ಲ. ಸಂಶೆ ಬಂತು, ಕೇಳಿದೆ. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ, ಆಕಿ ಇಂಟರ್‌ವ್ಯೂ ತಗೋರಿ."

ಡಾಕ್ಟರು ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಮ್ಮ ಫೋನಿಗೆ ನಮ್ಮ ಹುಡುಗಿ ಹೆದರಿ, ಪೊಲೀಸರಿಗೆ ಹೇಳೂನೇನ್ರಿ ಅಂತ ಬಂದಿದ್ಲು."

"ಹೇಳಬೇಕಾಗಿತ್ರಿ" ಅಂದರು ಕಾಕಾ, ಸ್ವಲ್ಪ ಮುಂದೆ ಬಾಗಿ. "ಶಾಣ್ಯಾಕಿ ಅದಾಳ ಆಕಿ. ಕೈ ಬಿಡಬ್ಯಾಡ್ರಿ ಆಕಿನ್ನ."

ಡಾಕ್ಟರು ನಕ್ಕುಬಿಟ್ಟರು. ಆ ನಗೆಯಲ್ಲೇ ಅಕ್ಷತಾಳನ್ನು ಒಳಗೆ ಕರೆದರು. ಬಹಳ ಹೊತ್ತಿನ ಮೇಲೆ ಅವಳು ಹೊರಬಂದಾಗ ಮುಖ ನೋಡಿಯೇ ಗೊತ್ತಾಯಿತು.

ಹೊರಡುವ ಮುಂದೆ ಲೆಕ್ಕದ ಕೌಂಟರಿನಲ್ಲಿ ಕನ್ನಡಕದ ಒಬ್ಬ ಮನುಷ್ಯ ನಮ್ಮನ್ನು ಕೂಗಿದ. "ಹುಡುಗ್ಯಾರಿಗೆ ಬಸ್ ಪುಕ್ಕಟ ಐತಿ ಅಂತ ನಮಗೂ ಗೊತ್ತೈತ್ರಿ. ಅದಕ್ಕ ಅವರ ಜೋಡಿ ಬಂದವರದು ಕೊಡ್ತೀವಿ. ಒಬ್ಬ ಹುಡುಗೀನ್ನ ಯಾರು ಕಳಸ್ತಾರ್ರಿ? ನಿಮ್ಮ ಇಬ್ಬರ ಟಿಕೇಟು ಇಲ್ಲಿ ಇಟ್ಟು ರೊಕ್ಕಾ ತಗೋರಿ." ನಾನು ನನ್ನದನ್ನು ಕೊಟ್ಟೆ. ಕಾಕಾ ಎರಡೂ ಕಿಸೆ ತಟ್ಟಿಕೊಂಡು, "ನಂದು ಎಲ್ಲೋ ಬಿದ್ದೈತ್ರಿ" ಅಂದರು.

ನನಗೆ ಅಲ್ಲೇ ಅನುಮಾನ ಬಂತು. ಸರ್ವೀಸಿನ ಉದ್ದಕ್ಕೂ ಒಂದು ಕಾಗದ ಕಳೆದವರಲ್ಲ ಅವರು. ಆ ಮನುಷ್ಯ ಒಳ್ಳೆಯವನು. ಟಿಕೇಟು ಇಲ್ಲದಿದ್ದರೂ ಇರಲಿ, ಬರೆದು ಕೊಡಿ ಸಾಕು ಅಂದ. ಕಾಕಾ ಬರೆದೂ ಕೊಡಲಿಲ್ಲ. ಈ ಜಾಗದಲ್ಲಿ ಅವರು ಏನನ್ನೋ ಕಂಡಿದ್ದಾರೆ, ಅದಕ್ಕೇ ಇವರ ರೊಕ್ಕ ಮುಟ್ಟುತ್ತಿಲ್ಲ ಅಂತ ನನಗೆ ಅನಿಸತೊಡಗಿತು. ದಾರಿಯುದ್ದಕ್ಕೂ ಕೇಳಿದೆ. "ಮನಿಗೆ ನಡಿ, ನಿನ್ನ ಹೆಂಡತಿ ಮುಂದ ಹೇಳ್ತೇನಿ" ಅಂದರೇ ಹೊರತು ಮತ್ತೇನೂ ಹೇಳಲಿಲ್ಲ. ಅಕ್ಷತಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಅವಳಿಗೂ ಅದೇ ದಿಗಿಲು. ನೌಕರಿ ಸಿಕ್ಕಿತ್ತು, ಆದರೆ ಅದು ಇನ್ನೂ ಕಾಕಾನ ಬಾಯಲ್ಲಿತ್ತು.

ರಾತ್ರಿ ಊಟದ ಹೊತ್ತಿಗೆ ಮನೆ ಮುಟ್ಟಿದೆವು. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮಗಳ ಕಡೆ ನೋಡಲಿಲ್ಲ, ನನ್ನ ಕಡೆಯಂತೂ ಇಲ್ಲವೇ ಇಲ್ಲ.

"ಹೆಂಗೈತಿ ಕಾಕಾ?"

ಕಾಕಾ ನೀರು ತರಿಸಿ ಕುಡಿದರು. ಚೊಂಬು ಕೆಳಗಿಟ್ಟರು.

"ಜಾಗಾ ಛಲೋ ಐತಿ. ಕಳಸು."

ಹೆಂಡತಿ ಅವರ ಮುಖವನ್ನೇ ದಿಟ್ಟಿಸಿದಳು. ಇಷ್ಟು ವರ್ಷ ಪಕ್ಕದಲ್ಲಿ ಬಾಳಿದರೂ ಆ ಬಾಯಿಂದ ಆ ಮಾತು ಬಂದದ್ದನ್ನು ಅವಳು ಕೇಳಿರಲಿಲ್ಲ. ಅವಳ ಹುಬ್ಬು ಗಂಟಾಯಿತು.

"ನಿಮಗ ಬಸ್ ಚಾರ್ಜು ಯಾರು ಕೊಟ್ರು?"

"ಏ, ಏನು ಮಾತಾಡ್ತಿ!" ಅಂತ ನಾನು ಎದ್ದೆ. ದೊಡ್ಡವರು, ನಮಗಾಗಿ ಅಲ್ಲಿಯವರೆಗೆ ಬಂದು ಹೋದವರು. ಕಾಕಾ ಕೈ ಎತ್ತಿ ನನ್ನನ್ನು ತಡೆದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ಬಹಳ ದಿನದಿಂದ ಕಾದ ಪ್ರಶ್ನೆಯನ್ನು ಕಡೆಗೂ ಒಬ್ಬರು ಕೇಳಿದಂತೆ ಅವರು ಹಿಗ್ಗಿದ್ದರು. ಅಂಗಿಯ ಗುಂಡಿ ಬಿಚ್ಚಿ, ಒಳಗಿನ ಬನೀನಿನ ಕಿಸೆಯಿಂದ ಮಡಿಚಿದ ಟಿಕೇಟು ತೆಗೆದರು.

"ಅಲ್ಲಿ ಟಿಕೇಟ ಕೊಟ್ಟವರಿಗೆ ರೊಕ್ಕಾ ಕೊಟ್ರು. ನಿನ್ನ ಗಂಡ ತಗೊಂಡಾನ, ಅವನ ಮಾತು ನಂಬಬ್ಯಾಡ. ನಂದು ಇಲ್ಲೈತಿ. ಓದಕೋ ತಂಗೀ."

ಅವಳು ಅದನ್ನು ಇಸಿದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹೋದಳು. ಹುನಗುಂದ ಅಂತ ಇದೆಯೇ, ಬೆಳಗಾವಿ ಅಂತ ಇದೆಯೇ, ತಾರೀಖು ಇವತ್ತಿನದೇ, ಒಂದೊಂದನ್ನೂ ಬೆರಳಿಟ್ಟು ಓದಿದಳು. ಹಿಂದೆ ತಿರುಗಿಸಿಯೂ ನೋಡಿದಳು. ಆಮೇಲೆ ಟಿಕೇಟನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ಕಾಕಾನ ಕೈಗೆ ಕೊಟ್ಟು, ಮಗಳ ಕಡೆ ತಿರುಗಿದಳು.

"ಕೆಲಸಕ್ಕ ಎಂದಿಗೆ ಬಾ ಅಂದಾರ?"